ಅಂಟು ಇನ್ನೂ ಒಣಗಿಲ್ಲ

ಚಾಚಾ,

ಪರದೆಯ ಸಂದಿಯಲ್ಲಿ ಕುಳಿತು ಮೂವತ್ತಕ್ಕೂ ಹೆಚ್ಚು ವರ್ಷ ನನಗೆ ಮಾತು ಎತ್ತಿಕೊಟ್ಟವರು ನೀವು. ಇವತ್ತು ನಿಮಗೊಂದು ಮಾತು ಮುಟ್ಟಿಸಬೇಕಾಗಿದೆ, ದಾರಿ ಗೊತ್ತಿಲ್ಲ. ಕೂಗಿದರೆ ಕೇಳಿಸೀತೆಂದು ಅಂಗಳಕ್ಕೆ ಮುಖ ಮಾಡಿ ಎರಡು ಸಲ ಕೂಗಿಯೂ ನೋಡಿದೆ. ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು. ನನ್ನಾಕೆ ನೀಲಮ್ಮ ಒಳಗಿನಿಂದ ಬಂದು, "ಸತ್ತೋರ್ನ ಎಬ್ಬಸ್ತೀರೇನ್ರಿ? ಹಾಳಿ ಮ್ಯಾಲ ಬರೀರಿ, ಸುಮ್ಮನ ಓದ್ಕೋತಾರ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿದ್ದ ದಿನವನ್ನು ಮೊದಲು ಹೇಳಿಬಿಡುತ್ತೇನೆ, ಅದು ನಿಮಗೆ ಗೊತ್ತಿಲ್ಲ. ರಂಗದ ಮೇಲೆ ಊರು ಸುಟ್ಟ ರುದ್ರಗೌಡ, ಮುಂದಿನ ಸಾಲಿನ ಮುದುಕಿಯರಿಂದ ಚಪ್ಪಲಿ ಎಸೆಸಿಕೊಂಡ ರುದ್ರಗೌಡನ ಪಾತ್ರಧಾರಿ, ನಿಮ್ಮ ಈ ಬಸು, ಬಿದ್ದದ್ದು ಎಲ್ಲಿ? ಕತ್ತಿ ಕಾಳಗದಲ್ಲಲ್ಲ. ತನ್ನದೇ ಮನೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಮೊಸರಿನ ಗಡಿಗೆ ಹಿಡಿದುಕೊಂಡು. ತೊಡೆಯ ಮೂಳೆ ಎರಡು ತುಂಡು. ಒಳಗೆ ರಾಡು ಹಾಕಿದರು. ಮೂಳೆ ಕೂಡಲಿಲ್ಲ, ಮತ್ತೆ ಬಿಚ್ಚಿ ಹಾಕಿದರು. ಕಾಲಿಗೆ ಭಾರ ಬಿಡಬೇಡ ಎಂದಿದ್ದಾರೆ, ಎಷ್ಟು ದಿನ ಎಂದು ಮಾತ್ರ ಹೇಳಿಲ್ಲ. ನಮ್ಮ ಮನೆಯ ಇಪ್ಪತ್ತೆರಡು ಮೆಟ್ಟಿಲು ನಿಮಗೆ ನೆನಪಿದೆಯಲ್ಲ? ಎರಡು ಕಡೆ ನಿಂತು ಉಸಿರು ಬಿಟ್ಟು, ಸುರಪುರವನ್ನು ಗುಡ್ಡದ ಮೇಲೆ ಕಟ್ಟಿಸಿದವರನ್ನು ಬೈಯುತ್ತ ಹತ್ತುತ್ತಿದ್ದಿರಿ. ಹನ್ನೊಂದು ತಿಂಗಳಲ್ಲಿ ನಾನು ಅವನ್ನು ಇಳಿದದ್ದು ಎರಡೇ ಸಲ, ಎರಡೂ ಸಲ ನಾಲ್ಕು ಜನರ ಹೆಗಲ ಮೇಲೆ. ಎರಡನೇ ಸಲ ದಾರಿಯಲ್ಲಿ ಒಬ್ಬಾಕೆ ಹೆಣವೆಂದು ತಿಳಿದು ಕೈಮುಗಿದಳು. ನಾನೂ ಮಲಗಿದಲ್ಲಿಂದಲೇ ತಿರುಗಿ ಕೈಮುಗಿದೆ. ಆಕೆ ಕೊಡ ಕೆಳಗೆ ಹಾಕಿದಳು.

ನಕ್ಕಿರಾ? ನಗಬೇಡಿ. ಮಂಚ, ಬಚ್ಚಲು, ಕಿಟಕಿ: ನನ್ನ ರಾಜ್ಯ ಈಗ ಇಷ್ಟೇ. ಕೆಳಗೆ ರಸ್ತೆಯಲ್ಲಿ ಕಂಡಕ್ಟರ್ "ಶಹಾಪುರ, ಯಾದಗಿರಿ" ಎಂದು ಕೂಗುವುದು ಕೇಳುತ್ತದೆ. ಎಂಥ ಬಡ ದನಿ ಅವನದು. ನಾನು ಕೂಗಿದ್ದರೆ ಶಹಾಪುರದವರೇ ಇಲ್ಲಿಗೆ ನಡೆದು ಬರುತ್ತಿದ್ದರು. ಹೈಸ್ಕೂಲಿನ ಗಂಟೆ ಕೆಟ್ಟ ದಿನ ಹೆಡ್‌ಮಾಸ್ತರರು ಜವಾನನಾದ ನನ್ನನ್ನೇ ಅಂಗಳದಲ್ಲಿ ನಿಲ್ಲಿಸಿ ಕೂಗಿಸುತ್ತಿದ್ದರಲ್ಲ, ಆ ದನಿ ಈಗ ನಾಲ್ಕು ಗೋಡೆಗೆ ಬಡಿದು ತಿರುಗಿ ನನ್ನ ಕಿವಿಗೇ ಬೀಳುತ್ತದೆ.

ನಿಮ್ಮ ಮಗಳು ಶಂಶಾದ್ ಒಂದು ದಿನ ರಂಗಂಪೇಟದಿಂದ ನಿಮ್ಮ ಬೈಂಡಿಂಗ್ ಸಾಮಾನಿನ ಕಟ್ಟಿಗೆ ಪೆಟ್ಟಿಗೆಯನ್ನು ಹೊತ್ತು ತಂದಳು. ಸೂಜಿ, ದಬ್ಬಣ, ಮೇಣದ ಉಂಡೆ, ಮಡಿಕೆ ಉಜ್ಜುವ ಆ ಕೊಂಬಿನ ಚೂರು. "ಅಬ್ಬಾ ಹೋದ ಮ್ಯಾಲ ಇವು ಸುಮ್ಮ ಕುಂತಾವ, ನೀವೂ ಸುಮ್ಮ ಕುಂತೀರಿ" ಎಂದಳು. ತನ್ನ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳನ್ನೂ ಕೊಟ್ಟಳು. ನಿಮ್ಮ ಅಂಗಡಿಯಲ್ಲಿ ಕಲಿತದ್ದೆಲ್ಲ ಬೆರಳಲ್ಲಿ ಇದ್ದೀತು ಎಂದುಕೊಂಡಿದ್ದೆ, ಇರಲಿಲ್ಲ. ಮೊದಲ ನೋಟ್‌ಬುಕ್ಕು ಕುಡಿದವನ ಹಾಗೆ ಒಂದು ಕಡೆ ವಾಲಿತು. ಮೈದಾ ಅಂಟು ಕುದಿಸಿ ನೀಲಮ್ಮನ ಎರಡು ಪಾತ್ರೆ ಹೊತ್ತಿಸಿದೆ. ಮೂರನೆಯದರಲ್ಲಿ ಬೆನ್ನು ನೆಟ್ಟಗಾಯಿತು. ಆಮೇಲೆ ಕೈ ನಿಲ್ಲಲಿಲ್ಲ: ಕನ್ನಡಕದ ಮನೆ, ನೀಲಮ್ಮನ ಫೋನು ನಿಲ್ಲಿಸುವ ಪೀಠ, ಅವಳ ಬಳೆಗಳಿಗೆ ಮುಚ್ಚಳದ ಪೆಟ್ಟಿಗೆ. ರಟ್ಟಿನ ಮೂಲೆಯಲ್ಲಿ ಬಟ್ಟೆ ಸುಕ್ಕಿಲ್ಲದೆ ಮಡಿಸುವುದು ಬಂದರೆ ಕೈ ಕಲಿತಿತು ಎಂದು ನೀವು ಹೇಳುತ್ತಿದ್ದಿರಿ. ಚಾಚಾ, ಬಳೆ ಪೆಟ್ಟಿಗೆಯ ನಾಲ್ಕು ಮೂಲೆಯಲ್ಲಿ ಮೂರು ಬಂದಿವೆ.

ಆಗ ಬಂದ ನಮ್ಮ ನಾಟಕ ಸಂಘದ ಶರಣಪ್ಪ. ಕಂಕುಳಲ್ಲಿ ನಿಮ್ಮ ಹಸಿರು ಚೀಲ. ಅದರೊಳಗೆ ನಾಟಕದ ಪುಸ್ತಕ, ಊರಲ್ಲಿ ಇರುವ ಒಂದೇ ಪ್ರತಿ, ನೀವೇ ಕಟ್ಟಿದ್ದು. ನೀವು ಹೋದ ಎರಡು ವರ್ಷದಲ್ಲಿ ಗೆದ್ದಲು ಬೆನ್ನು ತಿಂದು ಹಾಳೆಗಳೆಲ್ಲ ಬಿಚ್ಚಿಕೊಂಡಿದ್ದವು. ಜೋಳದ ರಾಶಿ ಮುಗಿಯುವುದರೊಳಗೆ ಹೊಸದಾಗಿ ಕಟ್ಟಿಕೊಡು, ಈ ಸಲ ಆಡಲೇಬೇಕು ಎಂದ. ನನ್ನ ಎದೆ ಹಿಗ್ಗಿತು. ಆಮೇಲೆ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ, ರುದ್ರಗೌಡನನ್ನು ಈ ವರ್ಷ ಕಕ್ಕೇರಾದ ಮಲ್ಲು ಮಾಡುತ್ತಾನೆ ಎಂದ. ಈ ವರ್ಷಕ್ಕೆ ಮಾತ್ರ ಎಂದು ಸೇರಿಸಿದ. ಯಾರಿಗೆ ಹೇಳುತ್ತಾನೆ? ಒಮ್ಮೆ ಬೇರೆಯವನ ಬಾಯಿಗೆ ಹೋದ ಪಾತ್ರ ತಿರುಗಿ ಬಂದದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ಅವತ್ತಿನಿಂದ ಶುರುವಾಯಿತು ನನ್ನ ಕಳ್ಳಾಟ. ಕೊನೆಯ ಹೊಲಿಗೆ ಹಾಕಿದ ದಿನ ಆ ಪುಸ್ತಕ ಮೆಟ್ಟಿಲಿಳಿದು ಹೋಗುತ್ತದೆ, ಅದರೊಳಗೆ ನಾನೂ ಹೋಗುತ್ತೇನೆ, ಇಲ್ಲಿ ಉಳಿಯುವುದು ಒಂದು ರಾಡು ಮತ್ತು ಒಂದು ಮಂಚ. ಹಾಗಾಗಿ ಬೆಳಿಗ್ಗೆ ಹೊಲಿದದ್ದನ್ನು ಮಧ್ಯಾಹ್ನ ಕತ್ತರಿಸುತ್ತಿದ್ದೆ. ಶರಣಪ್ಪ ಬಂದರೆ ನಿಮ್ಮದೇ ಮಾತು ಹೇಳುತ್ತಿದ್ದೆ: "ಅಂಟು ಇನ್ನಾ ಒಣಗಿಲ್ಲ." ಒಂದು ಸಲವಲ್ಲ, ಐದು ಸಲ. ಗಿರಾಕಿಗಳು ಅವಸರ ಮಾಡಿದರೆ ನೀವೂ ಹಾಗೆಯೇ ಅನ್ನುತ್ತಿದ್ದಿರಿ. ಆದರೆ ನಿಮ್ಮದು ಕೆಲಸದ ಮಾತು, ನನ್ನದು... ಹಪ್ಪಳ ಹಾಕಿ ತಿರುಗುವುದರೊಳಗೆ ಗರಿಗರಿಯಾಗುವ ಬಿಸಿಲಲ್ಲಿ ಕುಳಿತು ಹೇಳಿದ್ದು. ನೀಲಮ್ಮ ಎಲ್ಲ ನೋಡುತ್ತಿದ್ದಳು. ಒಗೆದ ಬಟ್ಟೆಗಳನ್ನು ನನ್ನ ಎದುರಿಗೇ ಹರವಿ, ಹಾಡು ಹೇಳಿ ಮುಗಿಸುವಷ್ಟರಲ್ಲಿ ಒಣಗಿದವೆಂದು ತೆಗೆಯುತ್ತಿದ್ದಳು.

ಹತ್ತೊಂಬತ್ತರ ನಾನು ಕಚೇರಿ ಹಿಂದಿನ ನಿಮ್ಮ ಅಂಗಡಿಗೆ ಬಂದದ್ದು ನೆನಪಾಗುತ್ತದೆ. ದನಿ ಇತ್ತು, ಮಾತು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನೀವು ಕೈಗೆ ಸೂಜಿ ಕೊಟ್ಟಿರಿ. ಎಂಟು ಹಾಳೆ ಮಡಿಸಿ ಒಂದರೊಳಗೊಂದು ಇಟ್ಟ ಕಟ್ಟಿಗೆ ನೀವು ಜುಜ್ ಎನ್ನುತ್ತಿದ್ದಿರಿ. ಒಂದು ಹೊಲಿಗೆಗೆ ಒಂದು ಮಾತು; ಮಾತು ಮರೆತರೆ ಸೂಜಿ ನಿಲ್ಲಬೇಕು. ಅದಕ್ಕೂ ಮೊದಲು, ಇಡೀ ನಾಟಕವನ್ನು ನನ್ನಿಂದ ಜೋರಾಗಿ ಓದಿಸಿದಿರಿ. "ಸಾವಕಾಶ ಓದು ಬಸು, ಗಡಬಡ ಮಾಡಬ್ಯಾಡ." ಓದಿದ್ದನ್ನೇ ಮತ್ತೆ ಓದಿಸುತ್ತ ನೀವು ಏನೋ ಬರೆದುಕೊಳ್ಳುತ್ತಿದ್ದಿರಿ. ಹೈದರಾಬಾದಿನ ನೆಂಟರಿಗೆ ಕಾಗದ ಬರೆಯುತ್ತಿದ್ದೀರಿ ಎಂದುಕೊಂಡಿದ್ದೆ. ಅಷ್ಟು ಉದ್ದದ ಕಾಗದ ಯಾರು ಬರೆಯುತ್ತಾರೆ ಎಂದು ನನಗೆ ಹೊಳೆಯಬಾರದಿತ್ತೇ?

ನೀವು ಆ ಪುಸ್ತಕ ಕಟ್ಟಿ ತಂದ ದಿನ ಸಂಘದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕನ್ನಡ ಪುಸ್ತಕಕ್ಕೆ ಹೆಸರಿನ ಚೀಟಿಯನ್ನು ಹಿಂದಿನ ರಟ್ಟಿಗೆ ಅಂಟಿಸಿದ್ದಿರಿ, ಉರ್ದು ಪುಸ್ತಕದ ಹಾಗೆ ಬಲಗಡೆಯಿಂದ ತೆರೆಯುವಂತೆ. ಕೈರೂಢಿ, ತಪ್ಪಾಯಿತು ಎಂದಿರಿ. ಸರಿಪಡಿಸಲಿಲ್ಲ. ಆಮೇಲೆ ಪರದೆಯ ಹಿಂದೆ ಕುಳಿತಾಗಲೂ ಬಲಗಡೆಯಿಂದಲೇ ತೆರೆಯುತ್ತಿದ್ದಿರಿ. ಯಾಕೆಂದರೆ, "ದೀಪದ ಬೆಳಕು ಈ ಕಡಿಂದ ಬರ್ತದ." ಪುಸ್ತಕ ಯಾರ ಕೈಗೂ ಕೊಡುತ್ತಿರಲಿಲ್ಲ. ಹೊಸ ಪಾತ್ರಧಾರಿಗೆ ಓದಿ ಹೇಳಬೇಕಾದಾಗ ಎಡಗಡೆಯಿಂದ ತೆರೆದು ನನ್ನ ಮುಂದೆ ಹಿಡಿಯುತ್ತಿದ್ದಿರಿ, ಕನ್ನಡಕ ಮನೆಯಲ್ಲಿ ಮರೆತಿದ್ದೇನೆ ಎಂದು. ಚಾಚಾ, ಕನ್ನಡಕ ನಿಮ್ಮ ಹಣೆಯ ಮೇಲೆಯೇ ಇರುತ್ತಿತ್ತಲ್ಲ.

ನನ್ನ ತಪ್ಪನ್ನು ಈಗ ಹೇಳಬೇಕು. ಪುಸ್ತಕ ಬಿಚ್ಚಿದಾಗ ಹಿಂದಿನ ಅರ್ಧ ಉರ್ದು ಹಾಳೆಗಳು. ದಪ್ಪ ಬರಲಿ ಎಂದು ಹಳೆಯ ದಫ್ತರದ ರದ್ದಿ ಸೇರಿಸಿದ್ದೀರಿ ಎಂದುಕೊಂಡೆ. ಬೈಂಡಿಂಗ್ ಮಾಡುವವರು ರದ್ದಿಯನ್ನು ಎಲ್ಲೆಲ್ಲೋ ತುಂಬುವುದನ್ನು ನಿಮ್ಮಲ್ಲೇ ನೋಡಿದ್ದೆನಲ್ಲ. ಕಾಗದ ಗಟ್ಟಿಯಾಗಿತ್ತು. ಒಂದು ಜುಜ್ ತೆಗೆದು ನೀಲಮ್ಮನ ಬಳೆ ಪೆಟ್ಟಿಗೆಗೆ ಒಳಗಿನಿಂದ ಅಂಟಿಸಿದೆ.

ಮರುದಿನ ಶಂಶಾದ್ ಬಂದಳು. ನೀಲಮ್ಮ ಹೆಮ್ಮೆಯಿಂದ ಪೆಟ್ಟಿಗೆ ತೋರಿಸಿದಳು. ಶಂಶಾದ್ ಮುಚ್ಚಳ ತೆಗೆದು ಒಳಗೆ ಬಗ್ಗಿದವಳು ಹಾಗೆಯೇ ನಿಂತಳು. ತುಟಿ ಅಲುಗಿತು. ಮತ್ತೆ ಮೊದಲಿನಿಂದ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಎಲವೋ ಹುಡುಗಾ, ಈ ಊರಿನ ಗಾಳಿಯೂ ನನ್ನ ಅಪ್ಪಣೆ ಕೇಳಿ ಬೀಸುತ್ತದೆ." ರುದ್ರಗೌಡನ ಮೊದಲ ಮಾತು. ನನ್ನ ಮಾತು. ಬಳೆಗಳ ಕೆಳಗಿನಿಂದ. ಶಂಶಾದ್ ನನ್ನ ಮುಖ ನೋಡಿದಳು.

"ಏನ್ ಬಸಣ್ಣ ಇದು? ಅಕ್ಷರ ನಮ್ಮವು, ಮಾತು ನಿಮ್ಮವು."

ನಾಟಕದಲ್ಲಿ ಎಷ್ಟು ಸಲ ಸಿಡಿಲು ಬಡಿದವನ ಹಾಗೆ ನಿಂತಿದ್ದೇನೆ, ಲೆಕ್ಕವಿಲ್ಲ. ನಿಜವಾಗಿ ಬಡಿದಾಗ ನಿಲ್ಲಲು ಕಾಲೇ ಇರಲಿಲ್ಲ. ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ; ನಾನು ಓದಿದ್ದನ್ನೆಲ್ಲ ಅವತ್ತು ಉರ್ದು ಅಕ್ಷರದಲ್ಲಿ ಬರೆದುಕೊಂಡಿದ್ದಿರಿ. ಸಂಘದವರು ಮೊದಲ ದಿನ ಕೇಳಿದಾಗ ಬರುತ್ತದೆ ಎಂದುಬಿಟ್ಟಿದ್ದಿರಿ, ಆಮೇಲೆ ಆ ಒಂದು ಮಾತಿನೊಳಗೆ ಮೂವತ್ತು ವರ್ಷ ಸಿಕ್ಕಿಕೊಂಡಿರಿ. ಯಾರಾದರೂ ಒಂದು ಸಾಲು ಓದು ಎಂದರೆ ಮುಗಿಯಿತು ಎಂಬ ಹೆದರಿಕೆಯಲ್ಲಿ, ಕನ್ನಡಕ ಹಣೆಗೇರಿಸಿಕೊಂಡು... ನನಗೂ ಹೇಳಲಿಲ್ಲವಲ್ಲ? ನೀವು ನನಗೆ ಎತ್ತಿಕೊಟ್ಟ ಮಾತುಗಳೆಲ್ಲ ಮೊದಲು ನನ್ನ ಬಾಯಿಂದಲೇ ನಿಮಗೆ ಬಂದವು. ಕೊನೆಯ ಸಲ ನಾನು ನಿಮ್ಮನ್ನು ನೋಡಲು ಬಂದಾಗ ನನ್ನ ಕೈ ಹಿಡಿದು "ಬಸು, ವೋ ಕಿತಾಬ್..." ಎಂದಿರಿ. ಪುಸ್ತಕ ಜೋಪಾನವಾಗಿ ಇಡುತ್ತೇನೆ ಎಂದು ನಾನು ನಡುವೆ ಬಾಯಿ ಹಾಕಿದೆ. ನನ್ನ ಹಾಳು ದನಿ. ಸುಮ್ಮನಿದ್ದರೆ ಹೇಳುತ್ತಿದ್ದಿರೇನೋ.

ಆ ಮಧ್ಯಾಹ್ನ ನಾವು ಮೂವರೂ ಕುಳಿತು ಪೆಟ್ಟಿಗೆಗೆ ಒದ್ದೆ ಬಟ್ಟೆ ಹಚ್ಚಿದೆವು. ಒಂದೂವರೆ ತಿಂಗಳು ಒಣಗಿಲ್ಲ ಒಣಗಿಲ್ಲ ಎಂದು ಸುಳ್ಳು ಹೇಳಿದವನಿಗೆ ಆ ಅಂಟು ಎಷ್ಟು ಗಟ್ಟಿಯಾಗಿ ಒಣಗಿ ತೋರಿಸಿತು ಗೊತ್ತೇ? ಎಂಟು ಹಾಳೆಯನ್ನೂ ಉಳಿಸಿದೆವು. ಶಂಶಾದ್ ಉಳಿದದ್ದನ್ನು ಓದುತ್ತ ಹೋದಳು, ಮೂರನೇ ಅಂಕಕ್ಕೆ ಬಂದಳು. ಬಾಗಿಲ ಹಿಂದೆ ನಿಂತ ಮಗಳಿಗೆ ರುದ್ರಗೌಡ ಹೇಳುವ ಮಾತು: "ಮಗಳೇ, ತಪ್ಪಾಯಿತು." ಆ ಪಾತ್ರದಲ್ಲಿ ಮೆಲ್ಲಗೆ ಹೇಳಬೇಕಾದ ಮಾತು ಅದೊಂದೇ. ಪ್ರತಿ ಆಟದಲ್ಲೂ ನಾನು ಅಲ್ಲೇ ನಿಲ್ಲುತ್ತಿದ್ದೆ. ನೀವು ಅಂಚಿನಲ್ಲಿ ಕೆಂಪು ಮಸಿಯಿಂದ ನಿಮ್ಮ ಮನೆಮಾತಿನಲ್ಲಿ ಬರೆದಿದ್ದನ್ನು ಶಂಶಾದ್ ಓದಿದಳು: "ಇಧರ್ ಬಸು ಅಟಕ್ತಾ. ಜರಾ ಠೈರೋ. ಖುದ್ ಬೋಲ್ತಾ." ಇಲ್ಲಿ ಬಸು ಸಿಕ್ಕಿಕೊಳ್ಳುತ್ತಾನೆ. ಸ್ವಲ್ಪ ತಡೆ. ತಾನೇ ಹೇಳುತ್ತಾನೆ.

ಶರಣಪ್ಪ ಆರನೇ ಸಲ ಬಂದ. ನನ್ನ ಬಾಯಿಗೆ ಅಭ್ಯಾಸದ ಮಾತು ಬಂತು. ನಿಂತಿತು. ಶರಣಪ್ಪನೂ ಅವಸರ ಮಾಡಲಿಲ್ಲ, ಕಟ್ಟೆಗೆ ಒರಗಿ ಕುಳಿತ.

"ಶರಣಪ್ಪ, ಅಂಟು ಒಣಗಿ ಬಾಳ ದಿನಾ ಆತು. ತಪ್ಪಾತು."

"ಗೊತ್ತದಪಾ. ಈ ಬಿಸಲಾಗ ಹಸಿ ಗ್ವಾಡಿ ಒಣಗ್ತಾವ, ನಿನ್ನ ಅಂಟು ಒಣಗಂಗಿಲ್ಲೇನು? ನೀ ಎಂದ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಪುಸ್ತಕ ಕಟ್ಟಿ ಮುಗಿಸಿದೆ, ಚಾಚಾ. ಅಂಟಿಗೆ ಗೆದ್ದಲು ಬಾರದಂತೆ ನೀವು ಹಾಕುತ್ತಿದ್ದ ಮೈಲುತುತ್ತ ಹಾಕಿದ್ದೇನೆ. ಎರಡೂ ಅರ್ಧ ಒಂದೇ ಬೆನ್ನಿಗೆ, ನೀವು ಹೊಲಿದ ತೂತುಗಳಲ್ಲೇ ಹೊಸ ದಾರ. ಈ ಸಲ ಎರಡೂ ರಟ್ಟಿಗೆ ಚೀಟಿ ಅಂಟಿಸಿದ್ದೇನೆ. ಎಡಗಡೆ ನನ್ನ ಕೈಬರಹ, ಬಲಗಡೆ ಶಂಶಾದಳದು. ಸಿಟ್ಟಾದಿರಾ? ಶಂಶಾದಳನ್ನು ಕೇಳಿಯೇ ಮಾಡಿದ್ದು. ಶರಣಪ್ಪನಿಗೆ ಎಲ್ಲ ಹೇಳಿದೆವು. ಅವನು ಬಹಳ ಹೊತ್ತು ಹಾಳೆ ತಿರುವಿ, ಅಷ್ಟು ವರ್ಷ ಒಂದು ಮಾತೂ ತಪ್ಪಲಿಲ್ಲವಲ್ಲ ಮುದುಕ ಎಂದ. ಆಮೇಲೆ ಚೀಲವನ್ನು ನನ್ನ ತೊಡೆಯ ಮೇಲೆಯೇ ಇಟ್ಟು, ಪರದೆಯ ಹಿಂದೆ ನಿಮ್ಮ ಜಾಗದಲ್ಲಿ ಕುಳಿತುಕೋ ಎಂದ. ನಾನು ಪಿಸುಗುಟ್ಟಿದರೆ ಹುಣಸಗಿಗೆ ಕೇಳುತ್ತದೆ ಎಂದೆ. ಕಲಿ ಎಂದ.

ಕಲಿಸಿದ್ದು ನೀಲಮ್ಮ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು, ನಾನು ಪಡಸಾಲೆಯಿಂದ ಮೆಲ್ಲಗೆ ಹೇಳುವುದು. "ಕೇಳಸ್ತು" ಎನ್ನುತ್ತಿದ್ದಳು. ಇನ್ನೂ ಮೆಲ್ಲಗೆ ಹೇಳಿದರೆ, "ಕೇಳಸ್ತು, ಎದುರಿನ ಎಮ್ಮಿಗೂ ಕೇಳಸ್ತು." ಹತ್ತೊಂಬತ್ತು ದಿನ ಹೀಗೆ.

ನಿನ್ನೆ ಮೊದಲ ತಾಲೀಮು. ನಾನು ಇಳಿಯಲಾರೆ ಎಂದು ಸಂಘವೇ ಇಪ್ಪತ್ತೆರಡು ಮೆಟ್ಟಿಲು ಹತ್ತಿ ನಮ್ಮ ಪಡಸಾಲೆಗೆ ಬಂತು. ಆಟದ ದಿನದ ಹೊತ್ತಿಗೆ ಮೂಳೆ ಕೂಡದಿದ್ದರೆ ಕುರ್ಚಿಸಮೇತ ಹೊರುತ್ತಾರಂತೆ. ಮಲ್ಲು ಚೆನ್ನಾಗಿ ಮಾಡುತ್ತಾನೆ. ನನ್ನಷ್ಟಲ್ಲ, ಆದರೆ ಚೆನ್ನಾಗಿ. ಮೂರನೇ ಅಂಕದಲ್ಲಿ ಬಾಗಿಲ ಮುಂದೆ ಬಂದು ನಿಂತ. ನಿಂತೇಬಿಟ್ಟ. ನನ್ನ ಎದೆಯಲ್ಲಿ ಆ ಮಾತು ಗೂಳಿಯ ಹಾಗೆ ಗುದ್ದುತ್ತಿತ್ತು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡಿದ್ದೆ: ಠೈರೋ. ತಡೆದೆ. ಅವನ ಕಣ್ಣು ನನ್ನ ಕಡೆ ಹೊರಳಿದ ಮೇಲೆ ಒಂದೇ ಮಾತು ಎತ್ತಿಕೊಟ್ಟೆ: "ಮಗಳೇ..." ಉಳಿದದ್ದನ್ನು ಮಲ್ಲು ತಾನೇ ಹೇಳಿದ.

ಎಲ್ಲರೂ ಇಳಿದು ಹೋದ ಮೇಲೆ ನೀಲಮ್ಮ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನೇ ಬೈದಳು.

"ಪಾಪ, ಹುಡುಗ ಮಾತು ಮರ್ತು ಅಷ್ಟೊತ್ತು ನಿಂತಿದ್ದ. ಹೇಳಿಕೊಡಬಾರದೇನ್ರಿ? ಸಿಟ್ಟೇನು ಅವನ ಮ್ಯಾಲ?"

"ಹೇಳಿಕೊಟ್ಟೆನಲ್ಲ."

"ಎಲ್ಲಿ? ನನಗ ಕೇಳಲೇ ಇಲ್ಲ."

ಚಾಚಾ, ಕೇಳಲೇ ಇಲ್ಲವಂತೆ.

ನಿಮ್ಮ
ಬಸು