ಒಂಬತ್ತನೆಯ ಚೌಕದ ಷರಾ

ಜುಲೈ ೮, ಸೋಮವಾರ. ಮಧ್ಯಾಹ್ನ

ಏಳನೆಯ ಚೌಕ ಮುಗಿಯಿತು. ಚೌಕವೆಂದರೆ ನಾಲ್ಕು ಗೂಟ, ಸುತ್ತ ಹಗ್ಗ. ಒಳಗಿನ ಹೂಗಿಡಗಳನ್ನೆಲ್ಲ ಎಣಿಸಿ ಬರೆಯಬೇಕು: ಇಲ್ಲಿಯದೇ ಕಾಡುಗಿಡವೋ, ಹೊರಗಿನಿಂದ ಬಂದದ್ದೋ. ಇಂದು ನೂರ ನಾಲ್ಕು. ಸೊಂಟ ಹಿಡಿದಿದೆ, ಎಣಿಕೆ ತಪ್ಪಿಲ್ಲ.

ಫಾರಂನ ಷರಾ ಕಾಲಂನಲ್ಲಿ ಹೂವಿನ ಸ್ಥಿತಿಯನ್ನು "ಗುಡ್, ಓಕೆ, ಪೂರ್" ಎಂದು ಬರೆಯಬೇಕಂತೆ. ಒಪ್ಪಲಿಲ್ಲ. ಮೇಲು, ನಡು, ಕೀಳು — ಇಷ್ಟು ಚೊಕ್ಕ ಮಾತುಗಳು ಮನೆಯಲ್ಲೇ ಇರುವಾಗ ಎರವಲು ಏಕೆ? ನಿಸರ್ಗ ಕೇಂದ್ರದ ಮುಖ್ಯಸ್ಥೆ ನನ್ನ ಹಳೆಯ ವಿದ್ಯಾರ್ಥಿನಿ. "ನಿಮ್ಮಿಷ್ಟ ಮಿಸ್. ಮಾಲಿಗೆ ಅರ್ಥ ಆದ್ರೆ ಸಾಕು," ಎಂದಳು.

ಮಾಲಿ ಎಲ್ಲಕ್ಕೂ "ಫಾರಿನ್ ಗಿಡ" ಎನ್ನುತ್ತಾರೆ. "ಹೊರಗಿನ ಗಿಡ" ಎನ್ನಿ ಎಂದು ತಿದ್ದಿದೆ.

"ಆಗ್ಲಿ ಟೀಚರ್. ಹೆಸರು ಬದಲಾಯಿಸಿದ್ರೆ ಬೇರು ಸಡಿಲ ಆಗುತ್ತಾ?"

ಪ್ರಶ್ನೆಯನ್ನು ಇಲ್ಲಿ ಬರೆದಿಟ್ಟಿದ್ದೇನೆ. ಉತ್ತರ ತೋಚಿದಾಗ ಹೇಳಬೇಕು.

ಜುಲೈ ೧೨, ಶುಕ್ರವಾರ

ಒಂಬತ್ತನೆಯ ಚೌಕ. ಮಂಡಿಯೂರಿದಾಗ ಕಂಡಿತು... ಕಡಲೆಕಾಳಿನಷ್ಟು ನೀಲಿ ಹೂ. ಪುಸ್ತಕದೊಂದಿಗೆ ಮೂರು ಬಾರಿ ತಾಳೆ ನೋಡಿದೆ. ಇಲ್ಲಿಯದೇ. ಹನ್ನೊಂದು ವರ್ಷಗಳಿಂದ ಇಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಹದಿನೇಳು ಗಿಡ, ಬೇರೆಲ್ಲೂ ಇಲ್ಲ. ಒಂದೇ ಮಳೆಗಾಲದ ಬಾಳು. ಬೀಜ ಉದುರುವ ಮುನ್ನ ಹೋದರೆ ವಂಶವೇ ಹೋದಂತೆ.

ಹೂ ಮಾತ್ರ ಬಡಕಲು. ಪ್ರೀತಿಗೆಂದು ಅಂಕ ಕೊಡುವ ಅಭ್ಯಾಸವಿಲ್ಲ. "ಕೀಳು" ಎಂದು ಬರೆದೆ. ಪಟ್ಟಿಯ ಕಾಪಿಯನ್ನು ಮಾಲಿಗೆ ಕೊಟ್ಟಾಯಿತು. ಸೋಮವಾರ ಬೆಳಿಗ್ಗೆ ಅದನ್ನು ನೋಡಿಕೊಂಡು ಬೇಡದ್ದನ್ನು ತೆಗೆಯುತ್ತಾರೆ.

ಜುಲೈ ೧೫, ಸೋಮವಾರ. ೭.೫೦, ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ನನ್ನ ಕಾಪಿ ತಿಂಡಿಯ ಮೇಜಿನ ಮೇಲಿತ್ತು. ತಟ್ಟೆಗೆ ಜಾಗ ಮಾಡುತ್ತ ತಂಗಿ ಗಟ್ಟಿಯಾಗಿ ಓದಿದಳು. "ನೀಲಿ ಹೂ, ಹದಿನೇಳು, ಕೀಳು. ಪಾಪ, ಇದನ್ನ ಯಾಕೆ ಕೀಳೋದು ಅಕ್ಕಾ?"

"ಕೀಳೋದಲ್ಲ ಕಣೇ. ಮೇಲು, ಕೀಳು ಅಂತೀವಲ್ಲ, ಆ ಕೀಳು."

"ನಿನಗೆ ಗೊತ್ತು. ಮಾಲಿ ಏನಂತ ಓದ್ತಾನೆ?"

"ಓದ್ತಾರೆ ಅನ್ನು," ಎಂದು ತಿದ್ದಿದ ಮೇಲಷ್ಟೇ ಹೊಳೆಯಿತು; ತಿಂಡಿ ಬಿಟ್ಟು ಎದ್ದೆ.

ಕಳೆ ಕೀಳುವವರ ಕೈಗೆ "ಕೀಳು" ಎಂದು ಬರೆದು ಕೊಟ್ಟಿದ್ದೇನೆ. ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಕೆಲಸದ ವೇಳೆ ಫೋನ್ ಮುಟ್ಟಬಾರದೆಂದು ಅವರಿಗೆ ಉಪದೇಶಿಸಿದವಳೂ ನಾನೇ. ಇನ್ನೂ ಎರಡು ಸ್ಟಾಪ್ —

ಅದೇ ದಿನ, ೯.೩೦. ಚೌಕದ ಪಕ್ಕದ ಬೆಂಚು

ತಳ್ಳುಗಾಡಿಯ ತುಂಬ ಕಿತ್ತ ಗಿಡ. ಏಳನೆಯ ಚೌಕ ಅರ್ಧ ಬೋಳು. ಎಂಟನೆಯದೂ. ಒಂಬತ್ತು... ಎಣಿಸಿದೆ. ಹದಿನೇಳು. ಮತ್ತೆ ಎಣಿಸಿದೆ.

ಮಾಲಿ ಹಿಂದೆಯೇ ನಿಂತಿದ್ದರು. "ಉಸಿರು ಬಿಡಿ ಟೀಚರ್. ಮುಟ್ಟಿಲ್ಲ."

"ಕೀಳು ಅಂತ ಬರೆದಿದ್ದೆನಲ್ಲ?"

"ಬರೆದಿದ್ರಿ. ಕೈಯೂ ಹಾಕಿದ್ದೆ. ಆಮೇಲೆ ಅನ್ನಿಸ್ತು, ಟೀಚರ್ ನನ್ನನ್ನ ಒಂದು ದಿನಾನೂ ಏಕವಚನದಲ್ಲಿ ಮಾತಾಡ್ಸಿಲ್ಲ. ನನಗೆ ಹೇಳಿದ್ದಾಗಿದ್ರೆ 'ಕೀಳಿ' ಅಂತ ಇರ್ತಿತ್ತು. ಇದು ನನಗಲ್ಲ, ಹೂವಿಗೆ ಬೈದಿರೋದು ಅಂತ ಬಿಟ್ಟೆ."

ಮೂವತ್ನಾಲ್ಕು ವರ್ಷ ಕಲಿಸಿದೆ. ಏಕವಚನ, ಬಹುವಚನದ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರಿಲ್ಲ.

"ತಪ್ಪು ನನ್ನದೇ," ಎಂದೆ. ಹೇಳಿ ರೂಢಿಯಿಲ್ಲದ ಮಾತು.

"ಇರ್ಲಿ ಬಿಡಿ. ಟೀ ಕುಡೀತೀರಾ?"

ಎರಡು ಲೋಟ ಕುಡಿದೆ.

ಜುಲೈ ೩೧, ಬುಧವಾರ. ಬೆಳಿಗ್ಗೆ

ಷರಾ ಕಾಲಂನಲ್ಲಿ ಈಗ "ಬಡಕಲು" ಎಂದು ಬರೆಯುತ್ತೇನೆ. ಮಾಲಿಯ ಸಲಹೆ. ಚೊಕ್ಕವಾಗಿಯೇ ಇದೆ.

ಹದಿನಾರು ಗಿಡ ಬೀಜ ಉದುರಿಸಿವೆ. ಮಂಡಿಯೂರಿ ಬರೆಯುತ್ತಿದ್ದೇನೆ. ಹದಿನೇಳನೆಯದರ ಕಾಯಿ ಒಣಗಿ ಬಾಯಿ ಬಿಡುತ್ತಿದೆ. ಮಾಲಿ ಪಕ್ಕದಲ್ಲಿ ಕೂತು "ಶ್..." ಎನ್ನುತ್ತಿದ್ದಾರೆ. ಈಗ, ನೋಡುತ್ತಿರುವ ಹಾಗೆಯೇ —