ಡ್ರಮ್ಸ್ ಜೋರಾದದ್ದು

ದೊಡ್ಡಬಳ್ಳಾಪುರ
೧೪ ಜೂನ್ ೨೦೧೬

ಪ್ರೀತಿಯ ಯಶಸ್ವಿನಿ,

ನಮ್ಮ ರಾಕ್ ಬ್ಯಾಂಡಿನ ಹೋದ ವರ್ಷದ ಟೂರ್‌ನಲ್ಲಿ ನಿನ್ನ ದನಿಯ ಹಿಂದೆ ಹಗುರವಾಗಿ ಡ್ರಮ್ಸ್ ನುಡಿಸುತ್ತಿದ್ದೆ. ಈ ವರ್ಷ ಅದೇ ಹಾಡುಗಳಲ್ಲಿ ನಿನ್ನ ದನಿಯನ್ನೇ ಮುಳುಗಿಸಿದೆ. ಮೈಸೂರಿನಲ್ಲಿ ವೇದಿಕೆಯಿಂದ ಇಳಿದವಳೇ, "ಯಾರ ಮೇಲೆ ಕಣೋ ಸಿಟ್ಟು? ನನ್ನ ಗಂಟಲು ಹೋಯ್ತು," ಎಂದು ನೀನು ಅತ್ತೆ. ಖುಷಿಗೆ ಅಳುತ್ತಿದ್ದೀಯ ಎಂದುಕೊಂಡು ನಾನು ನಕ್ಕುಬಿಟ್ಟೆ. ನೀನು ಅಂದದ್ದು ತಿಳಿದದ್ದು ಗಿಟಾರಿನ ಬೈರೇಶ ಆಮೇಲೆ ಹತ್ತಿರ ಬಂದು ಹೇಳಿದಾಗ.

ಸಿಟ್ಟಲ್ಲ. ಎರಡು ಟೂರ್‌ಗಳ ನಡುವಿನ ಹತ್ತು ತಿಂಗಳು ಇಲ್ಲಿನ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿದೆ. ಹದಿನಾರು ಮಗ್ಗ ಒಟ್ಟಿಗೆ ಓಡುತ್ತವೆ. ಡ್ರಮ್ಸ್ ಬಾರಿಸುವವನಿಗೆ ಇದೆಂಥ ಸದ್ದು ಎಂದುಕೊಂಡು ಕಿವಿಗೆ ಹತ್ತಿಯನ್ನೂ ಇಡಲಿಲ್ಲ. ಡ್ರಮ್ಸ್‌ನಿಂದ ಮೊದಲೇ ಸವೆದಿದ್ದ ಎಡಗಿವಿ ಈಗ ಪೂರ್ತಿ ಹೋಗಿದೆ, ಬಲಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ನನಗೆ ಕೇಳಿಸುವಷ್ಟು ಜೋರಾಗಿ ಬಾರಿಸುತ್ತಿದ್ದೆ, ಅಷ್ಟೇ.

ಅಮ್ಮ ಇಪ್ಪತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದಾಳೆ. ಅವಳು ಯಾವಾಗಲೂ ಕೂಗಿ ಮಾತಾಡುವುದು ಯಾಕೆಂದು ಈಗ ಅರ್ಥವಾಯಿತು.

ಏರ್‌ಪೋರ್ಟ್ ಪಕ್ಕದ ಹೋಟೆಲಿನ ಕಾರ್ಯಕ್ರಮಕ್ಕೆ ಡ್ರಮ್ಸ್ ಬಾರಿಸಲು ಬೇರೆಯವರನ್ನು ನೋಡಿಕೊ. ನನ್ನ ಡ್ರಮ್ಸ್ ಸೆಟ್ ಅವರೇ ಇಟ್ಟುಕೊಳ್ಳಲಿ. ದಯವಿಟ್ಟು ಫೋನ್ ಮಾಡಬೇಡ. ಬೈಯುವುದಿದ್ದರೂ ಬರೆದು ಕಳಿಸು.

ಇಂತಿ ನಿನ್ನ
ಮುನಿಕೃಷ್ಣ