ನನಗೆ ಕೇಳಿಸ್ತು

ಡಿನ್ನಿ,

ನೀನು ಮಣ್ಣಾಗಿ ಮೂರು ತಿಂಗಳಾಯ್ತು. ಇವತ್ತು ಬೆಳಿಗ್ಗೆ ಮುಲ್ಲಿಂಗಾರ್ ಊರಾಚೆ, ನಾವು ವಾಸ ಮಾಡೋ ಕ್ಯಾರವಾನು ಗಾಡಿಗಳ ಹಿಂದಿನ ಓಣಿಯಲ್ಲಿ ನಿನ್ನ ಮಗ ಬಾರ್ನಿ, ಆ ಲಾರ್ಕಿನ್ ಮನೆ ಹುಡುಗನ ಜೊತೆ ಬರಿಗೈಯಲ್ಲಿ ಹೊಡೆದಾಡಿದ. ನ್ಯಾಯ ನೋಡೋಕೆ ನಡುವೆ ನಿಂತವನು ನಾನೇ. ನೀನೂ ನಾನೂ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದು ಎಲ್ಲರಿಗೂ ಗೊತ್ತಲ್ಲ, ಇವನು ಬಾರ್ನಿ ಪರ ವಹಿಸಲ್ಲ ಅಂತ ಎರಡೂ ಮನೆಯವರು ಒಪ್ಪಿದರು. ಮಂಡಿ ನೋವಿದ್ದರೂ ಹೋದೆ.

ಅರ್ಧ ಗಂಟೆಯಲ್ಲಿ ಬಾರ್ನಿಯ ಒಂದು ಕಣ್ಣು ಮುಚ್ಚಿಹೋಯ್ತು, ಬಲಗೈ ಗಿಣ್ಣು ಮುರೀತು. ಬಿದ್ದ, ಎದ್ದ, ಮತ್ತೆ ಬಿದ್ದ. ಬಾಯಿಬಿಟ್ಟು ‘ಸೋತೆ’ ಅನ್ನೋವರೆಗೂ ನಮ್ಮಲ್ಲಿ ಹೊಡೆದಾಟ ಮುಗಿಯಲ್ಲ. ಅವನೋ, ನಿನ್ನ ಹಾಗೇ ಹಟಮಾರಿ.

ನಾನು ಬಗ್ಗಿ ಅವನ ಬಾಯಿಗೆ ಕಿವಿಯಿಟ್ಟೆ. ಎದ್ದು ನಿಂತು, "ಸೋತೆ ಅಂದ. ಮುಗೀತು," ಅಂದೆ.

"ನಮಗೇನೂ ಕೇಳಿಸಲಿಲ್ವಲ್ಲ ಮುದುಕಪ್ಪಾ!" ಲಾರ್ಕಿನ್ ಕೂಗಿದ. "ಗಟ್ಟಿಯಾಗಿ ಹೇಳಿಸು!"

"ನನಗೆ ಕೇಳಿಸ್ತು, ಸಾಕು. ಅಂಗಿ ಹಾಕ್ಕೊಂಡು ಮನೆಗೆ ನಡಿ."

ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರು ಹೊಡೆದಾಡಿದ ದಿನ ನೀನೂ ನನ್ನ ಕಿವಿಯಲ್ಲಿ ಮೆಲ್ಲಗೆ ‘ಸೋತೆ’ ಅಂದಿದ್ದೆ. ನನಗೆ ಚೆನ್ನಾಗಿ ಕೇಳಿಸಿತ್ತು, ಡಿನ್ನಿ. ಆದರೂ ನಿನ್ನಪ್ಪನ ಎದುರು, ನಿನ್ನ ಹೆಂಡತಿ ಎದುರು, ಅದನ್ನೇ ನಿನ್ನ ಬಾಯಿಂದ ಮೂರು ಸಲ ಗಟ್ಟಿಯಾಗಿ ಹೇಳಿಸಿದೆ.

ಹೋಗುವಾಗ ಬಾರ್ನಿ ನನ್ನ ಮುಖಕ್ಕೆ ಉಗಿದ. "ಸುಳ್ಳ! ನಾನು ಯಾವಾಗಯ್ಯಾ ಹೇಳಿದೆ?"

ನಿಜ, ಅವನು ತುಟಿ ಬಿಚ್ಚಿರಲಿಲ್ಲ.

ಇನ್ನು ಅವನೂ ನನ್ನ ಹತ್ತಿರ ಮಾತಾಡಲ್ಲ. ಆಗಲಿ. ಗಿಣ್ಣಿಗೆ ಪಟ್ಟಿ ಕಟ್ಟಿಸಿಕೊಂಡನಂತೆ.